ನೀವಿಲ್ಲದ ಮಧ್ಯಾಹ್ನ ನಿಮ್ಮ ಹಾಡು

ಹೊಸದಾಗಿ ಅಜ್ಜಿಯಾದ ಅತ್ತಿಗೆಗೆ, ನಾದಿನಿಯ ನಮಸ್ಕಾರಗಳು.

ಮಗು ಹೇಗಿದೆ? ಮೂಗು ಯಾರ ಕಡೆಯದು ಎಂಬ ಜಗಳ ಅಲ್ಲಿ ಮುಗಿಯಿತೇ? ಇಲ್ಲಿ ಅಣ್ಣನಂತೂ ಕನ್ನಡಕದಂಗಡಿಗೆ ಬಂದವರಿಗೆಲ್ಲ ಫೋಟೋ ತೋರಿಸಿ, “ನೋಡಿ, ಮೂಗು ನಮ್ಮ ಮನೇದೇ. ಕನ್ನಡಕ ಇಟ್ರೆ ಜಾರೋದೇ ಇಲ್ಲ” ಎಂದು ಹೇಳಿಕೊಂಡು ಓಡಾಡುತ್ತಿದ್ದಾನೆ. ಹುಟ್ಟಿ ವಾರವಾಗದ ಕೂಸಿಗೆ ಆಗಲೇ ಫ್ರೇಮು ಗೊತ್ತುಮಾಡಿದ್ದಾನೆಂದರೆ ಅವನ ಸಂಭ್ರಮ ಎಷ್ಟೆಂದು ನೀವೇ ಊಹಿಸಿ.

ಆದರೆ ನೀವು ಕಾಯುತ್ತಿರುವುದು ಈ ಸುದ್ದಿಗಲ್ಲ. ನನಗೆ ಗೊತ್ತು.

ಮಗಳಿಗೆ ಬೇಗ ನೋವು ಕಾಣಿಸಿಕೊಂಡಿತೆಂದು ಅಳಿಯನ ಫೋನು ಬಂದು, ನೀವು ಗಡಿಬಿಡಿಯಲ್ಲಿ ರೈಲು ಹತ್ತಿದ ದಿನ, ಪ್ಲಾಟ್‌ಫಾರಂನ ಆ ಗದ್ದಲದಲ್ಲಿ ನಿಮ್ಮ ಪಿಸುಮಾತು ಕೇಳಿಸದೆ ನಾನು ಕಿವಿಯನ್ನು ನಿಮ್ಮ ಬಾಯಿಗೇ ಅಂಟಿಸಿಕೊಂಡು ನಿಂತಿದ್ದೆ. “ಭಾನುವಾರ ನನ್ನ ಹೊಸ ಹಾಡು ನಡೀಲಿ. ನಾನಿಲ್ಲ ಅಂತ ನಿಲ್ಲಿಸಬೇಡಿ. ಯಾರ ಕೈಲಿ ಹಾಡಿಸಬೇಕೋ ಪಿಟೀಲು ಮೇಷ್ಟ್ರಿಗೆ ಬಿಟ್ಟಿದೀನಿ. ಆದ್ರೆ ಯಾರೂ ಅದನ್ನ ಫೋನಲ್ಲಿ ಹಿಡಿದು ನನಗೆ ಕಳಿಸಬಾರದು. ನೀನು ಬರಿ” ಎಂದಿರಿ. ನಾನು ಗಾಬರಿಯಾದೆ. “ಶ್ರುತಿ ಯಾವುದು, ಕುಕ್ಕರ್ ಸೀಟಿ ಯಾವುದು ಅಂತ ಗೊತ್ತಿಲ್ಲದೋಳು ನಾನು. ನನ್ನ ಕೈಲಿ ಏನು ಬರೆಸ್ತೀರಾ?” ಎಂದೆ. ನೀವು ನಕ್ಕಿರಿ. “ಅದಕ್ಕೇ ನಿನಗೆ ಹೇಳ್ತಿರೋದು. ಗೊತ್ತಿರೋರು ಹೇಗೆ ಹಾಡಿದ್ರು ಅಂತ ಬರೀತಾರೆ. ನನಗೆ ಏನಾಯ್ತು ಅನ್ನೋದು ಬೇಕು.”

ಏನಾಯಿತೆಂದು ಬರೆಯಲು ಕೂತಿದ್ದೇನೆ. ನಡುವೆ ನಿಮಗೆ ಗೊತ್ತಿರುವುದನ್ನೇ ಹೇಳಿದೆನೆಂದು ಬೇಸರಿಸಬೇಡಿ. ಈ ಮನೆಯಲ್ಲಿ ಎಲ್ಲರೂ ನಿಮ್ಮ ಹಾಡನ್ನು ಕಿವಿಯಿಂದ ನೋಡಿದವರು. ನಾನೊಬ್ಬಳು ಕಣ್ಣಿಂದ ನೋಡಿದವಳು. ಆ ಕಡೆಯಿಂದ ಅದು ಹೇಗೆ ಕಾಣಿಸಿತೆಂದು ಒಮ್ಮೆಯಾದರೂ ನಿಮಗೆ ಹೇಳಬೇಕು.

ನೀವು ಸೊಸೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಮಹಡಿಯ ಕೋಣೆ ಹಳೆಯ ಫ್ರೇಮುಗಳ ಗೋದಾಮಾಗಿತ್ತು. ಮುರಿದ ಕನ್ನಡಿಗಳು, ಕಾಲು ಮುರಿದ ಸ್ಟೂಲುಗಳು, ಯಾರೂ ಬಿಡಿಸಿಕೊಂಡು ಹೋಗದ ಕನ್ನಡಕಗಳ ಡಬ್ಬಿಗಳು. ನೀವು ಸೆರಗು ಸಿಕ್ಕಿಸಿ ಅದನ್ನೆಲ್ಲ ಕೆಳಗಿಳಿಸಿ, ಗೋಡೆಗೆ ನೀವೇ ಸುಣ್ಣ ಹೊಡೆದು, “ಇಲ್ಲಿ ಭಾನುವಾರ ಮಧ್ಯಾಹ್ನ ಹಾಡೋಣ. ಮೈಕು ಬೇಡ. ಬಂದೋರು ಹತ್ತಿರ ಕೂತು ಕೇಳಲಿ” ಎಂದಿರಿ. ಯಾರು ಬರುತ್ತಾರೆ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಬಂದರು. ಸಿಟಿ ಬಸ್ಸಿನ ಡ್ರೈವರ್ ಬಂದ, ನಿವೃತ್ತರಾದ ಹೆಡ್‌ಮಿಸ್ಸು ಬಂದರು, ಆಸ್ಪತ್ರೆಯ ನರ್ಸುಗಳು ಡ್ಯೂಟಿ ಬಟ್ಟೆಯಲ್ಲೇ ಬಂದರು. ಕುರ್ಚಿ ಸಾಲದಾದಾಗ ಮನೆಯಿಂದ ಕುರ್ಚಿ ಹೊತ್ತು ತಂದರು. ಹೊತ್ತು ತಂದ ಕುರ್ಚಿಯನ್ನು ವಾಪಸು ಒಯ್ಯಲು ಸೋಮಾರಿತನವಾಗಿ ಅಲ್ಲೇ ಬಿಟ್ಟರು. ಆ ಕೋಣೆಯಲ್ಲಿ ಒಂದರಂತೆ ಇನ್ನೊಂದು ಕುರ್ಚಿ ಇಲ್ಲದಿರುವುದು ಅದಕ್ಕೇ ಅಲ್ಲವೇ?

ಅಲ್ಲಿ ಹಾಡುತ್ತಿದ್ದವರು ನೀವು ಮತ್ತು ನಿಮ್ಮ ಜೋಡಿ. ಅವರಿಗೆ ಬೇರೆ ಹೆಸರಿದೆ ಎನ್ನುವುದೇ ನಮಗೆಲ್ಲ ಮರೆತುಹೋಗಿತ್ತು. “ಜೋಡಿ ಬಂದ್ರಾ?” “ಜೋಡಿಗೆ ಕಾಫಿ ಕೊಟ್ರಾ?” ಎಂದೇ ಮಾತು. ಒಂದು ಸಾಲಿನ ಅರ್ಧ ಅವರು, ಉಳಿದರ್ಧ ನೀವು. ಸಂಗೀತ ತಿಳಿಯದ ನನಗೆ ಅದು ಇಬ್ಬರು ಹೆಂಗಸರು ಒದ್ದೆ ಸೀರೆಯ ಎರಡು ತುದಿ ಹಿಡಿದು ಹಿಂಡುವಂತೆ ಕಾಣುತ್ತಿತ್ತು. ಎಳೆಯುವವರು ಯಾರು, ಬಿಡುವವರು ಯಾರು ಎಂದು ಹೇಳುವಂತಿರಲಿಲ್ಲ.

ಅಣ್ಣ ಒಂದು ದಿನವೂ ಮೆಟ್ಟಿಲು ಹತ್ತಿ ಬರಲಿಲ್ಲ. ಅಂಗಡಿ ನೋಡಿಕೊಳ್ಳುವವರು ಯಾರು ಎನ್ನುತ್ತಿದ್ದ. ನೀವು ಒಮ್ಮೆ ಸಿಟ್ಟಾಗಿ ಕೇಳಿದಾಗ ಅವನು ಹೇಳಿದ್ದು ನೆನಪಿದೆಯೇ? “ನಿನ್ನ ಹಾಡು ತಾನಾಗೇ ಮೆಟ್ಟಿಲಿಳಿದು ಬರುತ್ತಲ್ಲ, ನಾನ್ಯಾಕೆ ಹತ್ತಲಿ?”

ಆಮೇಲೆ ನಿಮ್ಮ ಗಂಟಲಿನಲ್ಲಿ ಗಡ್ಡೆ, ಆಪರೇಷನ್ನು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಬ್ಯಾಂಡೇಜು ಬಿಚ್ಚಿದ ಮೇಲೆ ನೀವು ಬಾಯಿ ತೆರೆದಾಗ ಗಾಳಿಯಷ್ಟೇ ಹೊರಬಂತು. ಅಣ್ಣ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ. ನೀವೇ ಅವನ ತೋಳು ತಟ್ಟಿ ಸಮಾಧಾನ ಮಾಡಿದಿರಿ. ಸಮಾಧಾನ ಮಾಡಬೇಕಾದವರು ಯಾರು, ಮಾಡಿಸಿಕೊಳ್ಳಬೇಕಾದವರು ಯಾರು!

ಮಹಡಿಯಲ್ಲಿ ಬೇರೆಯವರ ಹಾಡು ನಡೆಯುತ್ತಿತ್ತು, ಆದರೆ ಜನ ಕರಗುತ್ತ ಬಂದರು. ಮನೆಯಲ್ಲೇ ಫೋನಿನಲ್ಲಿ ಬೇಕಾದ್ದು ಸಿಗುವಾಗ ಮೆಟ್ಟಿಲು ಹತ್ತುವವರು ಯಾರು ಎಂದು ಅಣ್ಣ ಹೇಳತೊಡಗಿದ. ಕಣ್ಣು ಪರೀಕ್ಷೆಯ ಹೊಸ ಮಷೀನು ತರಿಸಿ ಮಹಡಿಯಲ್ಲಿ ಹಾಕುವುದೆಂದು ಮಾತಾಯಿತು. ನೀವು ಬೇಡ ಎನ್ನಲಿಲ್ಲ. “ಅದಕ್ಕಿಂತ ಮುಂಚೆ ಒಂದೇ ಒಂದು ಹೊಸ ಹಾಡು ಅಲ್ಲಿ ಆಗಲಿ” ಎಂದಷ್ಟೇ ಪಿಸುಗುಟ್ಟಿದಿರಿ.

ಆ ಹಾಡು ಹುಟ್ಟಿದ್ದನ್ನು ನಾನು ನೋಡಿದ್ದೇನೆ ಅತ್ತಿಗೆ. ಇಷ್ಟು ದಿನ ಹೇಳಲು ಬಾಯಿ ಬಂದಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಗಾಜು ಉಜ್ಜುತ್ತ ಕೂತಿರುತ್ತಿದ್ದೆ. ಆಚೆ ಬೆಂಚಿನ ಮೇಲೆ ನೀವು ಮತ್ತು ಪಿಟೀಲು ಮೇಷ್ಟ್ರು. ಪಿಸುಮಾತಿಗೆ ಮಾತು ಬರುತ್ತದೆ, ಸ್ವರ ಬರುವುದಿಲ್ಲ. ಹಾಗಾಗಿ ನೀವು ಗಾಳಿಯಲ್ಲಿ ಕೈಯಾಡಿಸುತ್ತಿದ್ದಿರಿ. ಬೆರಳು ಮೇಲೇರಿದರೆ ಮೇಷ್ಟ್ರ ಕಮಾನೂ ಏರುತ್ತಿತ್ತು. ನೀವು ತಲೆಯಾಡಿಸಿ “ಅಲ್ಲ” ಎನ್ನುತ್ತಿದ್ದಿರಿ. ಅವರು ಇನ್ನೊಂದು ಥರ ನುಡಿಸುತ್ತಿದ್ದರು. “ಅಲ್ಲ.” ಮತ್ತೊಂದು. “ಅಲ್ಲ, ಅಲ್ಲ.” ಮೇಷ್ಟ್ರು ಒಂದು ದಿನ ಪಿಟೀಲು ಪೆಟ್ಟಿಗೆಗೆ ಹಾಕಿ, “ತಾಯಿ, ಇರೋ ಸ್ವರಗಳೇ ಏಳು. ಎಂಟನೇದು ನನ್ನ ಹತ್ತಿರ ಇಲ್ಲ” ಎಂದು ಎದ್ದೇ ಹೋದರು. ಮರುದಿನ ಅವರೇ ಬಂದು ಬಾಗಿಲು ತಟ್ಟಿದರು. ಆ ದಿನ ಏನನ್ನೋ ನುಡಿಸಿದರು. ನೀವು “ಅಲ್ಲ” ಎನ್ನಲಿಲ್ಲ. ನಿಮ್ಮ ಕೈ ಗಾಳಿಯಲ್ಲಿ ಹಾಗೇ ನಿಂತಿತು. ನಾನು ಉಜ್ಜುವ ಯಂತ್ರ ನಿಲ್ಲಿಸಿದೆ. ನನ್ನಂಥವಳಿಗೂ ಗೊತ್ತಾಯಿತು. ಒಂದು ಗಳಿಗೆಯ ಹಿಂದೆ ಲೋಕದಲ್ಲೆಲ್ಲೂ ಇಲ್ಲದಿದ್ದ ಒಂದು ವಸ್ತು ಈಗ ಆ ಬೆಂಚಿನ ಮೇಲೆ ನಿಮ್ಮಿಬ್ಬರ ನಡುವೆ ಕೂತಿತ್ತು. ಕೂಸು ಹುಟ್ಟಿದ ಮನೆಯಲ್ಲಿ ಮಾತಾಡಲು ಹೆದರುವಂತೆ ನಾನು ಉಸಿರು ಹಿಡಿದು ಕೂತೆ.

ಪದಗಳೂ ನಿಮ್ಮವೇ. “ಎಲ್ಲಿರುವೆಯೋ ಅಲ್ಲಿಯೇ ಸುಖವಾಗಿರು, ದನಿಯೇ.” ಹೋದದ್ದನ್ನು ವಾಪಸು ಬಾ ಎಂದು ಕರೆಯುವವರನ್ನು ನೋಡಿದ್ದೆ. ಹೋದಲ್ಲೇ ಚೆನ್ನಾಗಿರು ಎಂದು ಹರಸುವವರನ್ನು ನೋಡಿರಲಿಲ್ಲ.

ಇನ್ನು ಯಾರು ಹಾಡಿದರು ಎಂಬ ವಿಷಯ. ಮೇಷ್ಟ್ರು ನಿಮಗೆ ಹೇಳಿಲ್ಲ. ಅವರಿಗೆ ಧೈರ್ಯವಿಲ್ಲ, ನನ್ನ ತಲೆಗೆ ಕಟ್ಟಿದ್ದಾರೆ. ಕೂತಿದ್ದೀರಾ? ಮಗು ಮಡಿಲಲ್ಲಿದ್ದರೆ ತೊಟ್ಟಿಲಲ್ಲಿ ಮಲಗಿಸಿ.

ಹಾಡಿದ್ದು ನಿಮ್ಮ ಜೋಡಿ.

ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದಿ. ನಿಮ್ಮ ಆಪರೇಷನ್ನಾದ ಮೇಲೆ ಅವರು ಮಹಡಿಯಲ್ಲಿ ಒಬ್ಬರೇ ಹಾಡಿದ್ದು ಒಂದೇ ಬಾರಿ. ಅಂದು ನೀವು ಅರ್ಧದಲ್ಲಿ ಎದ್ದು ಹೊರಗೆ ಹೋದಿರಿ. ಅಷ್ಟೇ, ಅವರು ತಂಬೂರಿಗೆ ಗವಸು ಹಾಕಿದವರು ಮತ್ತೆ ಬಿಚ್ಚಲಿಲ್ಲ. ಔಷಧಿ ಅಂಗಡಿಯ ಕೆಲಸವೇ ಸಾಕೆಂದು ಕೌಂಟರಿನ ಹಿಂದೆ ನಿಂತುಬಿಟ್ಟರು. ನಮ್ಮ ಬೀದಿಗೆ ಬರುವುದನ್ನೂ ಬಿಟ್ಟರು. “ನನ್ನ ಮೇಲೆ ಕರುಣೆಯಿಂದ ಹಾಡು ಬಿಟ್ಟಳು. ಯಾರಿಗೆ ಬೇಕು ಅವಳ ಕರುಣೆ?” ಎಂದು ನೀವು ಉರಿದಿರಿ. ಆಮೇಲೆ ಅವರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಿರಿ.

ಮೇಷ್ಟ್ರು ಏನು ಮಾಡಿದರು ಗೊತ್ತೇ? ನಿಮ್ಮ ಹಾಡು ಕಟ್ಟಿ ಮುಗಿದದ್ದೇ ಕೆಮ್ಮಿನ ಮಾತ್ರೆಗೆಂದು ಆ ಔಷಧಿ ಅಂಗಡಿಗೆ ಹೋದರು. ಕೆಮ್ಮಿಲ್ಲದ ಮನುಷ್ಯ! ಅವರು ಮಾತ್ರೆ ತೆಗೆಯುವಾಗ ಇವರು ಕೌಂಟರಿಗೆ ಒರಗಿ ನಿಮ್ಮ ಹಾಡನ್ನು ಗುನುಗಿದರು. ಮರುದಿನ ತಲೆನೋವಿನ ಮಾತ್ರೆ, ಅದೇ ಗುನುಗು. ಅದರ ಮರುದಿನ ಹೊಟ್ಟೆಯುಬ್ಬರಕ್ಕೆ. ಒಂದು ದಿನ ಬೇಕೆಂದೇ ಎರಡನೇ ಸಾಲನ್ನು ತಪ್ಪಾಗಿ ಗುನುಗಿದರಂತೆ. ಅವರು ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟು, “ಅಲ್ಲಿ ಹಾಗೆ ಬರಲ್ಲ ಮೇಷ್ಟ್ರೇ. ಅವಳು ಯಾವತ್ತೂ ಅಲ್ಲಿಂದ ಹಾಗೆ ಇಳಿಯಲ್ಲ” ಎಂದರಂತೆ. ಯಾರ ಹಾಡು ಎಂದು ಮೇಷ್ಟ್ರು ಹೇಳಿರಲೇ ಇಲ್ಲ, ಅತ್ತಿಗೆ. “ಅವಳು” ಎಂದರಂತೆ, ಅಷ್ಟೇ. ಔಷಧಿಗೆ ಬಂದವರೆಲ್ಲ ಚೀಟಿ ಹಿಡಿದು ನಿಂತಿರುವಾಗ, ಸರಿಯಾದ ಸಾಲನ್ನು ಅವರೇ ಹಾಡಿ ತೋರಿಸಿದರಂತೆ. ಒಬ್ಬರೂ ಬೇಗ ಕೊಡಿ ಎನ್ನಲಿಲ್ಲವಂತೆ.

ಭಾನುವಾರ ಕೋಣೆ ಅರ್ಧವಾದರೂ ತುಂಬಿದರೆ ಸಾಕು ಎಂದುಕೊಂಡಿದ್ದೆ. ಬಸ್ ಡ್ರೈವರ್ ತನ್ನ ಡಿಪೋದಲ್ಲಿ ಡಂಗುರ ಸಾರಿದ್ದನೆಂದು ಕಾಣುತ್ತದೆ. ಒಂದಿಡೀ ಸಾಲು ಖಾಕಿ. ನರ್ಸುಗಳು ಕಿಟಕಿಯ ಕಟ್ಟೆಯ ಮೇಲೆ. ಹೆಡ್‌ಮಿಸ್ಸು ಕಿವಿಯ ಮಷೀನಿಗೆ ಹೊಸ ಸೆಲ್ಲು ಹಾಕಿಸಿಕೊಂಡು ಬಂದು, “ಫೋನುಗಳನ್ನೆಲ್ಲ ಬುಟ್ಟಿಗೆ ಹಾಕಿ” ಎಂದು ಎಲ್ಲರನ್ನೂ ಮಕ್ಕಳಂತೆ ಗದರಿದರು. ಹಾಕಿದರು. ನಾನು ಹಿಂದುಗಡೆ ಬಾಗಿಲ ಪಕ್ಕ, ಮೆಟ್ಟಿಲು ಕಾಣುವ ಜಾಗದಲ್ಲಿ ನಿಂತೆ. ಕೆಳಗೆ ಅಣ್ಣ ಯಾರದೋ ಫ್ರೇಮಿಗೆ ಗಾಜು ಕೂರಿಸುತ್ತಿದ್ದ.

ನಿಮ್ಮ ಜೋಡಿ ಬಂದು ಕೂತರು. ಕೂದಲು ಪೂರ್ತಿ ನರೆತಿದೆ. ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾರೆ. ಚಾಪೆಯ ಮೇಲೆ ಬಲಗಡೆ ಸರಿದು ಕೂತರು, ನೀವಿದ್ದಾಗ ಹೇಗೋ ಹಾಗೆ. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ. ತಂಬೂರಿ ನುಡಿಸುವವಳು ಅತ್ತ ಸರಿಯಲು ಹೋದಾಗ ಹೆಡ್‌ಮಿಸ್ಸು ಕಣ್ಣಲ್ಲೇ ತಡೆದರು.

ಮೊದಮೊದಲು ದನಿ ತಡವರಿಸಿತು. ಅದನ್ನು ಮುಚ್ಚಿಡುವುದಿಲ್ಲ. ಬಹಳ ಕಾಲ ಮುಚ್ಚಿದ್ದ ಮನೆಯ ಕಿಟಕಿ ತೆಗೆಯುವಾಗಿನ ಸದ್ದಿನಂತೆ ಏನೋ ಕಿರುಗುಟ್ಟಿತು. ಮೇಷ್ಟ್ರು ತಲೆಯೆತ್ತಲೇ ಇಲ್ಲ. ನಿಮ್ಮ ಜೋಡಿ ಗಂಟಲು ಸರಿಮಾಡಿಕೊಂಡು ಮತ್ತೆ ಹಿಡಿದರು. “ಎಲ್ಲಿರುವೆಯೋ…” ಈ ಬಾರಿ ದನಿ ನೇರವಾಗಿ ನಿಂತಿತು. ಅರ್ಧ ಸಾಲಾಗಿತ್ತು. ಅಲ್ಲಿ ಅವರು ನಿಲ್ಲಿಸಿದರು.

ಮರೆತಿರಬಹುದೆಂದುಕೊಂಡೆ. ಮರೆತಿರಲಿಲ್ಲ. ಅವರ ಮುಖ ಎಡಕ್ಕೆ, ಆ ಖಾಲಿ ಜಾಗದ ಕಡೆಗೆ ತಿರುಗಿತ್ತು. ಉಳಿದರ್ಧ ನಿಮ್ಮದಲ್ಲವೇ? ಅಷ್ಟು ವರ್ಷದ ಅಭ್ಯಾಸ, ಅರ್ಧ ಹಾಡಿ ನಿಮಗೆ ಬಿಟ್ಟುಕೊಟ್ಟಿದ್ದರು. ಮೇಷ್ಟ್ರು ಆ ಜಾಗವನ್ನು ಪಿಟೀಲಿನಿಂದ ತುಂಬಬಹುದಿತ್ತು. ಅವರು ಕಮಾನನ್ನು ಮೆಲ್ಲಗೆ ತಂತಿಯಿಂದ ಎತ್ತಿದರು. ಮೃದಂಗದವನು ಬೆರಳು ತಡೆದ. ತಂಬೂರಿಯೊಂದೇ ಉಳಿಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಅವರೆಲ್ಲರೂ ನಿಮ್ಮನ್ನು ಕೇಳುತ್ತಿದ್ದರು. ಇಲ್ಲದ ದನಿಯನ್ನು ಒಂದು ಕೋಣೆ ತುಂಬ ಜನ ಒಟ್ಟಿಗೆ ಕೇಳಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಉಳಿದರ್ಧ ಬಂತು. “ಅಲ್ಲಿಯೇ ಸುಖವಾಗಿರು…”

ಹಾಡಿದ್ದು ಅವರೇ. ಬಾಯಿ ಅವರದೇ. ಆದರೆ ಹೇಗೆ ಹೇಳಲಿ? ನಮ್ಮ ಅಂಗಡಿಯಲ್ಲಿ ಕೂತು ನಾನು ಬೀದಿಯ ಜನರನ್ನು ಬೆನ್ನ ಕಡೆಯಿಂದಲೇ ಗುರುತಿಸುತ್ತೇನಲ್ಲ, ನಡಿಗೆಯಿಂದ. ಹಾಗೆ ಗುರುತು ಸಿಕ್ಕಿತು. ಸ್ವರವನ್ನು ಕೆಳಗಿನಿಂದ ಮೆಲ್ಲಗೆ ಮುಟ್ಟಿ, ಮುಟ್ಟಿದೆನೋ ಇಲ್ಲವೋ ಎಂಬಂತೆ ಒಂದು ಚೂರು ಕಾದು, ಆಮೇಲೆ ಪೂರ್ತಿ ಭಾರ ಬಿಡುವುದು. ಅದು ನಿಮ್ಮ ನಡಿಗೆ. ವೈದ್ಯರು ಕತ್ತರಿಸಿ ತೆಗೆದದ್ದು, ನಾವು ಅತ್ತು ಮುಗಿಸಿದ್ದು, ಮತ್ತೆ ಸಿಗುವುದಿಲ್ಲ ಎಂದುಕೊಂಡಿದ್ದು ಇನ್ನೊಬ್ಬರ ಗಂಟಲಿನಲ್ಲಿ ಇಷ್ಟು ವರ್ಷ ಭದ್ರವಾಗಿ ಕೂತಿತ್ತು. ಅವರಿಗೂ ಗೊತ್ತಿತ್ತೋ ಇಲ್ಲವೋ.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಣ್ಣ. ಒಂದು ಕೈಯಲ್ಲಿ ಒಂದೇ ಗಾಜಿದ್ದ ಫ್ರೇಮು, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಉಸಿರು ಮೇಲುಕೆಳಗಾಗುತ್ತಿತ್ತು. ನನ್ನನ್ನು ದಾಟಿ ಬಾಗಿಲಲ್ಲಿ ನಿಂತು ಕೋಣೆಯ ತುಂಬ ಹುಡುಕಿದ. ಚಾಪೆಯ ಮೇಲೆ, ಕಿಟಕಿಯ ಹತ್ತಿರ, ಕುರ್ಚಿಗಳ ಸಾಲಿನಲ್ಲಿ. ಅತ್ತಿಗೆ, ನಿಮ್ಮನ್ನು ರೈಲಿಗೆ ಹತ್ತಿಸಿ ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟವನು ಅವನೇ. ಆದರೂ ಹುಡುಕಿದ. ನೀವಿಲ್ಲವೆಂದು ಗೊತ್ತಾದ ಮೇಲೂ ಹೋಗಲಿಲ್ಲ. ಬಾಗಿಲಿಗೆ ಒರಗಿ, ಆ ಒಂಟಿ ಗಾಜಿನ ಫ್ರೇಮನ್ನು ಎದೆಗವಚಿಕೊಂಡು, ಹಾಡು ಮುಗಿಯುವ ತನಕ ನಿಂತ. ಕೆಳಗೆ ಗಿರಾಕಿ ಕುರುಡನಂತೆ ಕೂತು, “ಸ್ವಾಮೀ, ಸ್ವಾಮೀ” ಎಂದು ಕೂಗುತ್ತಿದ್ದ. ಕೊನೆಗೆ ಅವನೂ ಗೋಡೆ ತಡವುತ್ತ ಮೇಲೆ ಬಂದ. ಬಂದವನು ಸುಮ್ಮನಾದ.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲು ತೋಚಲಿಲ್ಲ. ಬಸ್ ಡ್ರೈವರ್ ಎದ್ದು ನಿಂತ, ಹಿಂದೆಯೇ ಖಾಕಿ ಸಾಲೆಲ್ಲ ನಿಂತಿತು. ಹೆಡ್‌ಮಿಸ್ಸು ಮಾತ್ರ ಕೂತಲ್ಲೇ, “ಇನ್ನೊಂದು ಸಲ” ಎಂದರು. ಅಪ್ಪಣೆಯೇ ಅದು. ಮತ್ತೆ ಹಾಡಿದರು. ಎರಡನೇ ಸಲ ಆ ಅರ್ಧದಲ್ಲಿ ಅವರು ನಿಲ್ಲಿಸಿದಾಗ ಹಿಂದಿನ ಸಾಲಿನಿಂದ ಯಾರೋ ಒಬ್ಬರು ಗುನುಗಿದರು. ಆಮೇಲೆ ಇನ್ನೊಬ್ಬರು. ಶ್ರುತಿಯಲ್ಲಿತ್ತೋ ಇಲ್ಲವೋ ನನ್ನನ್ನು ಕೇಳಬೇಡಿ. ನಾನೂ ಗುನುಗಿದೆ. ಯಾರೂ ಎದ್ದು ಹೋಗಲಿಲ್ಲ, ಅಷ್ಟರಿಂದಲೇ ತಿಳಿದುಕೊಳ್ಳಿ.

ಕಣ್ಣು ಪರೀಕ್ಷೆಯ ಮಷೀನಿನವರು ಸೋಮವಾರ ಜಾಗದ ಅಳತೆಗೆ ಬಂದಾಗ ಅಣ್ಣ ಅವರನ್ನು ಮೆಟ್ಟಿಲ ಬಳಿಯೇ ತಡೆದ. “ಕೆಳಗೇ ಹಾಕಿ, ಆ ದೊಡ್ಡ ಕನ್ನಡಿ ತೆಗೆದರಾಯ್ತು. ಪಾಪ, ವಯಸ್ಸಾದೋರು ಮಹಡಿ ಹತ್ತೋಕಾಗಲ್ಲ” ಎಂದ. ಇಷ್ಟು ವರ್ಷ ಹಾಡು ಕೇಳಲು ಮಹಡಿ ಹತ್ತಿದವರಲ್ಲಿ ಅರ್ಧ ವಯಸ್ಸಾದವರೇ ಎಂದು ನಾನು ಬಾಯಿ ಬಿಡಲಿಲ್ಲ. ನೀವೂ ಕೇಳಬೇಡಿ. ಅವನನ್ನು ಅವನ ಪಾಡಿಗೆ ಸೋಲಲು ಬಿಡೋಣ.

ಭಾನುವಾರ ಎಲ್ಲರೂ ಹೋದ ಮೇಲೆ ನಿಮ್ಮ ಜೋಡಿ ಕೆಳಗಿಳಿದು ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ. “ನನ್ನ ಹಾಡು ಕೇಳಿದ್ರೆ ಅವಳಿಗೆ ನೋವಾಗುತ್ತೆ, ಅದಕ್ಕೇ ಎದ್ದು ಹೋದಳು ಅಂತ ನಿಲ್ಲಿಸಿದೆ ಕಣೇ. ಕರುಣೆ ಗಿರುಣೆ ಏನೂ ಅಲ್ಲ. ನೋಯಿಸೋಕೆ ಮನಸ್ಸು ಬರಲಿಲ್ಲ” ಎಂದರು. ಆಗ ನಾನು, ಯಾರಿಗೂ ಹೇಳುವುದಿಲ್ಲವೆಂದು ನಿಮಗೆ ಕೊಟ್ಟ ಮಾತು ಮುರಿದೆ. ಅಂದು ನೀವು ಎದ್ದು ಹೋದವರು ಮನೆಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತು ಕೊನೆಯ ತನಕ ಕೇಳಿದಿರಿ, ನಿಮ್ಮ ತುಟಿ ಅವರ ಜೊತೆಗೇ ಆಡುತ್ತಿತ್ತು, ದನಿಯಿಲ್ಲದ ತುಟಿಯಾಟವನ್ನು ಅವರು ನೋಡಬಾರದೆಂದೇ ಹೊರಗೆ ಬಂದಿದ್ದಿರಿ ಎಂದು ಹೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟರು. ಆಮೇಲೆ ಮೂಗೊರೆಸಿಕೊಂಡು, “ಹೇಳದೆ ಕೇಳದೆ ಹಾಡಿದೆ. ಅವಳು ಬೈತಾಳೇನೇ?” ಎಂದರು. “ಬೈತಾರೆ. ಆದ್ರೆ ಪಿಸುಮಾತಲ್ಲಿ. ಕೇಳಿಸಬೇಕಂದ್ರೆ ಹತ್ತಿರ ಹೋಗಿ ಕೂತ್ಕೋಬೇಕು” ಎಂದೆ.

ಅವರು ನಕ್ಕರು. ಅತ್ತರೋ ಏನೋ, ಎರಡೂ ಒಟ್ಟಿಗೆ. ಔಷಧಿ ಅಂಗಡಿಗೆ ರಜೆ ಹಾಕಿದರು.

ಈಗ ಕೊನೆಯ ಮಾತು, ಇದನ್ನು ನಿಧಾನವಾಗಿ ಓದಿ. ಈ ಕಾಗದ ಅಂಚೆಯಲ್ಲಿ ಬರಲಿಲ್ಲ. ಅಳಿಯ ತಂದು ಕೊಟ್ಟಾಗ ಹೊರಗಿನ ಕೋಣೆಯಲ್ಲಿ ಯಾರೋ ಬಂದು ಕೂತಿದ್ದಾರೆಂದು ನಿಮಗೆ ಹೇಳಿರುವುದಿಲ್ಲ. ನೀವು ಓದಿ ಮುಗಿಸುವ ತನಕ ಹೇಳಬೇಡಿ ಎಂದು ನಾನೇ ಅಳಿಯನಿಗೆ ಅಪ್ಪಣೆ ಮಾಡಿದ್ದೇನೆ. ರೈಲಿನಲ್ಲಿ ರಾತ್ರಿಯೆಲ್ಲ ಕೂತು ಬಂದಿದ್ದಾರೆ, ಸೊಂಟ ಹಿಡಿದುಕೊಂಡಿರುತ್ತದೆ, ಬಿಸಿಯಾಗಿ ಏನಾದರೂ ಕೊಡಿ. ಫೋನಿನಲ್ಲಿ ಕಳಿಸಬೇಡಿ ಎಂದಿರಿ, ಕಳಿಸಲಿಲ್ಲ. ಬರಿ ಎಂದಿರಿ, ನನಗೆ ಕೈಲಾದಷ್ಟು ಬರೆದೆ. ಇದರಲ್ಲಿ ಹಾಡಿಲ್ಲ, ಹಾಡಿನ ಸುದ್ದಿ ಮಾತ್ರ ಇದೆ. ಕಾಗದ ಮಡಚಿಡಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ. ಅರ್ಧ ಅವರು ಹಾಡುತ್ತಾರೆ.

ಕೂಸಿಗೆ ಕಣ್ಣೂ ಕಿವಿಯೂ ಚೆನ್ನಾಗಿರಲಿ, ನಿಮ್ಮಿಬ್ಬರ ನಡುವೆ ಮಲಗಿ ನಿದ್ದೆ ಮಾಡುವ ಭಾಗ್ಯ ಅದಕ್ಕೆ ಬಹುಕಾಲ ಇರಲಿ ಎಂದು ಹರಸುತ್ತ,

ನಿಮ್ಮ ನಾದಿನಿ